ಲೆಟರ್‌ಹೆಡ್‌ನಲ್ಲಿ ಇಲ್ಲದ ಹೆಸರು

(ವಯಸ್ಸು, ಕೆಲಸ, ಊರಿನ ಗುರುತು ಬದಲಾಯಿಸಿದ್ದೇನೆ. ಇಲ್ಲಿ ಬರುವ ಇಬ್ಬರೂ ಇದನ್ನು ಓದಿ ಒಪ್ಪಿಗೆ ಕೊಟ್ಟಿದ್ದಾರೆ.)

ಮೇಷ್ಟ್ರು ಮೊದಲ ದಿನ ಆಪ್ತಸಲಹೆಗೆ ಬಂದಾಗ ನನ್ನ ಮೇಜಿನ ಮೇಲೆ ಎರಡು ಹಾಳೆ ಇಟ್ಟರು. ಎರಡೂ ಒಂದೇ ಸಂಸ್ಥೆಯ ಲೆಟರ್‌ಹೆಡ್. ಒಂದು ಹಳೆಯದು, ಅಂಚು ಹಳದಿಯಾಗಿದೆ. ಎಡಗಡೆ ‘ಸಲಹಾ ಮಂಡಳಿ’ ಅಂತ ಉದ್ದಕ್ಕೆ ಏಳು ಹೆಸರು. ಮೊದಲನೆಯದು ಅವರದು. ಇನ್ನೊಂದು ಹೊಸದು, ಗರಿಗರಿ. ಅದರಲ್ಲಿ ಐದು ಹೆಸರು.

“ನನ್ನ ಹೆಸರು ಎಲ್ಲಿದೆ ನೀವೇ ಹುಡುಕಿ ಕೊಡಿ ತಾಯಿ. ಕನ್ನಡಕ ಬದಲಾಯಿಸಬೇಕೇನೋ ನಾನು.”

ವಯಸ್ಸು 71. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. 24 ವರ್ಷದ ಹಿಂದೆ ನಾಲ್ಕಾರು ಗೆಳೆಯರನ್ನು ಸೇರಿಸಿಕೊಂಡು ಮಕ್ಕಳಿಗೆ, ಯುವಕರಿಗೆ ಅಂತ ಒಂದು ಕಲಾ ಸಂಸ್ಥೆ ಕಟ್ಟಿದ್ದರು. ಏಪ್ರಿಲ್ ರಜೆಯಲ್ಲಿ ನಾಟಕದ ಶಿಬಿರ. ಉಳಿದ ದಿನ ವಾರಕ್ಕೆರಡು ಸಂಜೆ ಮೂಡಲಪಾಯ ಯಕ್ಷಗಾನದ ತರಗತಿ. ಯಕ್ಷಗಾನ ಅಂದರೆ ಕರಾವಳಿಯದು ಮಾತ್ರ ಅಂದುಕೊಂಡ ಮಕ್ಕಳಿಗೆ ಮುಖವೀಣೆ ಕೇಳಿಸಿ, ಭುಜಕೀರ್ತಿ ಕಟ್ಟಿ, “ಇದು ನಮ್ಮ ಸೀಮೆಯದು ಕಣ್ರೋ” ಅಂತ ಕುಣಿಸಿದವರು.

ತುಮಕೂರಿನಂಥ ಊರಲ್ಲಿ ಆಪ್ತಸಲಹೆಗೆ ಬರುವುದೇ ಒಂದು ಸಾಹಸ. ಮೆಟ್ಟಿಲು ಹತ್ತುವಾಗ ಯಾರಾದರೂ ಹಳೇ ಶಿಷ್ಯ ಸಿಕ್ಕೇ ಸಿಗುತ್ತಾನೆ. ಮೇಷ್ಟ್ರು ಕೆಳಗಿನ ಹಲ್ಲಿನ ಕ್ಲಿನಿಕ್ಕಿಗೆ ಅಂತ ಹೇಳಿ ಬಂದಿದ್ದರು. ಕಳಿಸಿದ್ದು ಅವರ ಹೆಂಡತಿ. ಎರಡು ತಿಂಗಳಿಂದ ನಿದ್ದೆ ಇಲ್ಲ. ಬಿಪಿ ಮಾತ್ರೆ ಒಂದು ದಿನ ತಗೊಂಡರೆ ಎರಡು ದಿನ ಮರೆವು. ಅಮಾನಿಕೆರೆಯ ಏರಿ ಮೇಲೆ ಬೆಳಗಿನ ವಾಕಿಂಗ್ ನಿಲ್ಲಿಸಿದ್ದರು. “ಅಲ್ಲಿ ಎಲ್ಲರೂ ಈ ಸಲ ಶಿಬಿರ ಯಾವಾಗ ಸಾರ್ ಅಂತ ಕೇಳ್ತಾರೆ. ಏನಂತ ಹೇಳಲಿ?”

ಸಾಯುವ ಯೋಚನೆ ಬರುತ್ತದಾ ಅಂತ ಕೇಳಿದೆ. ಈ ಪ್ರಶ್ನೆಯನ್ನು ನಾನು ಸುತ್ತಿ ಬಳಸಿ ಕೇಳುವುದಿಲ್ಲ. ಅವರು ನಕ್ಕರು. “ಇಲ್ಲ ಬಿಡಿ. ನಾನು ಸತ್ತರೆ ಅವರೇ ಶ್ರದ್ಧಾಂಜಲಿ ಸಭೆ ಮಾಡ್ತಾರಲ್ಲ, ಅದನ್ನ ನೆನೆಸ್ಕೊಂಡ್ರೇ ಸಿಟ್ಟು ಬರುತ್ತೆ.” ತಮಾಷೆ ಚೆನ್ನಾಗಿತ್ತು. ಆದರೆ ಇಂಥ ತಮಾಷೆಯನ್ನು ಹಾಗೇ ಬಿಡಬಾರದು. ಮತ್ತೆ ಕೇಳಿದೆ. ಇಲ್ಲವೆಂದು ಖಚಿತವಾದ ಮೇಲೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ನಾನು ಸಿಗುವುದಿಲ್ಲ. ಆ ಫೋನು ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಅವರಿಗೆ ನನ್ನಿಂದ ಬೇಕಿದ್ದದ್ದು ಮಾತ್ರ ಬೇರೆ. “ಆ ಕಾರ್ಯದರ್ಶಿ ಹುಡುಗಿಯನ್ನ ಕರೆಸಿ ಬುದ್ಧಿ ಹೇಳಿ.” ಬರದೇ ಇರುವವರಿಗೆ ನಾನು ಬುದ್ಧಿ ಹೇಳುವುದಿಲ್ಲ ಅಂದೆ. ಬಂದವರಿಗೂ ಹೇಳುವುದು ಕಡಿಮೆ.

ನಡೆದದ್ದು ಎರಡನೇ ಭೇಟಿಯಲ್ಲಿ ಹೊರಗೆ ಬಂತು. ವಸಂತನರಸಾಪುರದ ಒಂದು ಕಾರ್ಖಾನೆ ಸಂಸ್ಥೆಗೆ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಲಾಭದಲ್ಲಿ ಸಮಾಜದ ಕೆಲಸಕ್ಕೆ ತೆಗೆದಿಡುವ ಹಣ, ಕೊಡಲು ಮುಂದೆ ಬಂದಿತ್ತು. 2021ರ ಏಪ್ರಿಲ್‌ನಿಂದ ಅಂಥ ಹಣ ಪಡೆಯುವ ಸಂಸ್ಥೆ ಸಿಎಸ್‌ಆರ್-1 ಫಾರಂ ತುಂಬಿ ನೋಂದಾಯಿಸಿಕೊಳ್ಳಬೇಕು. ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ಕಾಗದ ಬೇಕಿತ್ತು, ಆಡಿಟ್ ಆದ ಲೆಕ್ಕ ಬೇಕಿತ್ತು. ಕಾರ್ಖಾನೆಯವರು ಮಕ್ಕಳ ಸುರಕ್ಷತೆಗೆ ಲಿಖಿತ ನಿಯಮ ಇದೆಯಾ ಅಂತಲೂ ಕೇಳಿದ್ದರು. ಇರಲಿಲ್ಲ. ಸಲಹಾ ಮಂಡಳಿಯಲ್ಲಿ ಲೆಕ್ಕ ಗೊತ್ತಿದ್ದವರೂ ಇರಲಿಲ್ಲ, ಹೆಂಗಸರೂ ಇರಲಿಲ್ಲ. ಹಾಗಾಗಿ ಆಡಳಿತ ಮಂಡಳಿ ಹಳಬರಲ್ಲಿ ಇಬ್ಬರನ್ನು ಉಳಿಸಿಕೊಂಡು ಮೂವರು ಹೊಸಬರನ್ನು ತಂದಿತು. ಒಬ್ಬರು ಮಕ್ಕಳ ಡಾಕ್ಟರು, ಒಬ್ಬರು ಚಾರ್ಟರ್ಡ್ ಅಕೌಂಟೆಂಟ್, ಇನ್ನೊಬ್ಬಳು ಶಿಬಿರದಲ್ಲೇ ಬೆಳೆದ 22ರ ಹುಡುಗಿ.

ಇದಿಷ್ಟೇ ಆಗಿದ್ದರೆ ಮೇಷ್ಟ್ರು ಒಂದು ವಾರ ಮುಖ ಊದಿಸಿಕೊಂಡು ಸುಮ್ಮನಾಗುತ್ತಿದ್ದರು ಅಂತ ನನ್ನ ಅಂದಾಜು. ಆದರೆ ಬದಲಾವಣೆಗೆ ಮೊದಲಿನ ಸಭೆಯಲ್ಲಿ ಮಕ್ಕಳ ಸುರಕ್ಷತೆಯ ನಿಯಮಗಳ ಒಂದು ಕರಡು ಓದಿದ್ದರು. ದೊಡ್ಡವರೊಬ್ಬರು ಮಗುವಿನ ಜೊತೆ ಕೋಣೆಯಲ್ಲಿ ಒಬ್ಬರೇ ಇರಬಾರದು. ಬಟ್ಟೆ ಬದಲಾಯಿಸುವ ಜಾಗ ಬೇರೆ ಇರಬೇಕು. ಮಕ್ಕಳಿಗೆ ಖಾಸಗಿಯಾಗಿ ಮೆಸೇಜ್ ಮಾಡಬಾರದು. ಮಗುವನ್ನು ಒಂಟಿಯಾಗಿ ಗಾಡಿಯಲ್ಲಿ ಬಿಡಲು ಹೋಗಬಾರದು. ಕಲಿಸುವವರೆಲ್ಲ ಪೊಲೀಸ್ ಪರಿಶೀಲನೆ ಪತ್ರ ತರಬೇಕು.

ಇಷ್ಟು ವರ್ಷ ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡು ಮಕ್ಕಳ ಮುಖಕ್ಕೆ ಬಣ್ಣ ಹಚ್ಚಿದವರು ಇವರು. ತಡವಾದರೆ ತಮ್ಮ ಸ್ಕೂಟರಿನಲ್ಲಿ ಮನೆಗೆ ಬಿಟ್ಟು ಬಂದವರೂ ಇವರೇ. ಒಂದೊಂದು ಸಾಲೂ ತಮ್ಮ ಕಡೆ ಬೆರಳು ತೋರಿಸಿದ ಹಾಗೆ ಕೇಳಿಸಿತು. ಎದ್ದು ಬಂದುಬಿಟ್ಟರು. ಒಂಬತ್ತು ದಿನಕ್ಕೆ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು: ‘ಹಿಂದಿನ ಸಲಹಾ ಮಂಡಳಿಯ ಎಲ್ಲ ಹಿರಿಯರಿಗೂ ಹೃತ್ಪೂರ್ವಕ ಧನ್ಯವಾದಗಳು.’ ಕೆಳಗೆ ಕೈ ಮುಗಿದ ಮೂರು ಚಿತ್ರ. ಅದರ ಕೆಳಗೆ ಯಾರೋ ಹಾಕಿದ ಹುಟ್ಟುಹಬ್ಬದ ಕೇಕು.

“ಅವರು ನಿಯಮ ಓದಿದರು, ನಾನು ಎದ್ದು ಬಂದೆ, ಆಮೇಲೆ ನನ್ನ ಹೆಸರು ಹೋಯಿತು. ಊರಿನವರು ಏನಂದ್ಕೋತಾರೆ ಹೇಳಿ.”

ಇಲ್ಲಿ ನಾನು ಕೇಳಲೇಬೇಕಾದ ಒಂದು ಪ್ರಶ್ನೆ ಇತ್ತು. ನಿಮ್ಮ ಮೇಲೆ ಯಾವುದಾದರೂ ಮಗು, ಯಾವುದಾದರೂ ಪೋಷಕರು ದೂರು ಹೇಳಿದ್ದಾರಾ? ಮೊದಲ ಭೇಟಿಯಲ್ಲೇ ಎಲ್ಲರಿಗೂ ಹೇಳುವ ಹಾಗೆ ಅವರಿಗೂ ಹೇಳಿದ್ದೆ: ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ, ಆದರೆ ಮಗುವಿಗೆ ತೊಂದರೆಯಾಗಿದ್ದು ಗೊತ್ತಾದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ನಾನು ಪೊಲೀಸರಿಗೆ ತಿಳಿಸಲೇಬೇಕು. ಮೇಷ್ಟ್ರ ಮುಖ ಕೆಂಪಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ. ಒಂದೂ ಇಲ್ಲ” ಅಂದರು. ಆಮೇಲೆ, “ನೀವು ನೇರವಾಗಿ ಕೇಳಿದಿರಿ. ಅವರು ಕೇಳಲಿಲ್ಲ” ಅಂದರು.

ನಾನು ಅವರ ಪಕ್ಷ ಹಿಡಿಯಲಿಲ್ಲ. ನಿಯಮ ಸರಿ ಇದೆ ಅಂತಲೇ ಹೇಳಿದೆ. ಅವರು ಒಪ್ಪಲಿಲ್ಲ. ಆಗ ಕೇಳಿದೆ, ಎಸ್ಸೆಸ್ಸೆಲ್ಸಿ ಕನ್ನಡ ಪರೀಕ್ಷೆ ದಿನ ನಿಮ್ಮನ್ನು ಕೊಠಡಿ ಮೇಲ್ವಿಚಾರಣೆಗೆ ಹಾಕುತ್ತಿದ್ದರಾ?

“ಎಲ್ಲಾದರೂ ಉಂಟೇ? ಆ ವಿಷಯದ ಮೇಷ್ಟ್ರನ್ನ ಆ ದಿನ ಹಾಕೋದಿಲ್ಲ.”

ಆಗ ನಿಮಗೆ ಅವಮಾನ ಆಗುತ್ತಿತ್ತಾ?

ಅವರು ಉತ್ತರ ಕೊಡಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಒರೆಸಿ ಹಾಕಿಕೊಂಡು, “ಆಗ ಎಲ್ಲರಿಗೂ ಅದೇ ನಿಯಮ ಇತ್ತಲ್ಲ” ಅಂದರು. ಈಗಲೂ ಎಲ್ಲರಿಗೂ ಅದೇ, ಮಕ್ಕಳ ಡಾಕ್ಟರಿಗೂ ಅದೇ ಅಂದೆ. ಅವತ್ತು ಮಾತು ಅಲ್ಲಿಗೇ ನಿಂತಿತು.

ಮೂರನೇ ಸಲ ಬರುವಾಗ ಒಂದು ಕವರು ತಂದರು. ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ನಾಲ್ಕು ಪುಟದ ದೂರು, ದುಂಡನೆ ಅಕ್ಷರ, ಒಂದು ತಪ್ಪಿಲ್ಲ. ನಾನು ವಕೀಲಳಲ್ಲ. ಆದರೂ ಇಂಥ ಜಗಳ ಹೊತ್ತು ಬರುವವರು ಜಾಸ್ತಿಯಾದ ಮೇಲೆ ಒಂದಿಷ್ಟು ತಿಳಿದುಕೊಂಡಿದ್ದೇನೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಲೆಕ್ಕ ಕೇಳುವುದು ಆಡಳಿತ ಮಂಡಳಿಯನ್ನು. ಪ್ರತಿ ವರ್ಷ ಪಟ್ಟಿ ಕೊಡಬೇಕಾದ್ದು ಅವರದ್ದೇ. ಸಲಹಾ ಮಂಡಳಿ ಅನ್ನುವುದು ಸಂಸ್ಥೆ ತನ್ನ ಅನುಕೂಲಕ್ಕೆ ಮಾಡಿಕೊಂಡದ್ದು. ಅದರಲ್ಲಿ ಯಾರಿರಬೇಕು, ಎಷ್ಟು ದಿನ ಇರಬೇಕು ಅನ್ನುವುದು ಸಂಸ್ಥೆಯ ಬೈಲಾದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾಗಾಗಿ ಎರಡು ಮಾತು ಹೇಳಿದೆ. ದೂರು ಬರೆದದ್ದು ಒಳ್ಳೆಯದು, ಮೂರು ವಾರ ಪೋಸ್ಟ್ ಮಾಡಬೇಡಿ. ಅಷ್ಟರಲ್ಲಿ ಬೈಲಾ ಒಮ್ಮೆ ಓದಿ.

“ಓದೋದೇನು, ಬರೆದವನೇ ನಾನು” ಅಂದರು.

ಮುಂದಿನ ವಾರ ಬಂದು ಕುಳಿತವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಜೆರಾಕ್ಸ್ ಮುಂದೆ ತಳ್ಳಿದರು. ಅವರದೇ ದುಂಡನೆ ಅಕ್ಷರ. ‘ಸಲಹಾ ಮಂಡಳಿಯ ಅವಧಿ ಮೂರು ವರ್ಷ. ಹೊಸಬರಿಗೆ ಅವಕಾಶ ಕೊಡುವುದು.’ 24 ವರ್ಷದಲ್ಲಿ ಯಾರೂ ಆ ಸಾಲನ್ನು ನೋಡಿರಲಿಲ್ಲ. ಅವರೂ ನೋಡಿರಲಿಲ್ಲ. “ನಲವತ್ತೇಳು ವಯಸ್ಸಲ್ಲಿ ನನಗೆ ಎಷ್ಟು ಬುದ್ಧಿ ಇತ್ತು ನೋಡಿ” ಅಂದು ನಕ್ಕರು. ಕಣ್ಣಲ್ಲಿ ನೀರಿತ್ತು.

ಅವತ್ತೇ ಗುಬ್ಬಿ ಕಂಪನಿಯ ಮಾತೂ ಬಂತು. ಅದುವರೆಗೆ ಪ್ರತಿ ಭೇಟಿಯಲ್ಲೂ ಅವರು, “ನಾಟಕ ಅಂದರೆ ಕಂಪನಿ. ಕಂಪನಿಗೆ ಒಬ್ಬ ಯಜಮಾನ ಇರಬೇಕು, ವೀರಣ್ಣನವರ ಥರ” ಅನ್ನುತ್ತಿದ್ದರು. ಆ ದಿನ ತಾವಾಗಿಯೇ ತಿದ್ದಿಕೊಂಡರು. ಕಂಪನಿ ಶುರುವಾದದ್ದು 1884ರಲ್ಲಿ, ವೀರಣ್ಣ ಹುಟ್ಟಿದ್ದು ಆಮೇಲೆ. ಅವರು ಹುಡುಗನಾಗಿ ಬಂದು ಸೇರಿದರು, ಮುಂದೆ ಯಜಮಾನರಾದರು. “ಮೊದಲು ಕಟ್ಟಿದವರ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ” ಅಂತ ನನ್ನನ್ನು ಕೇಳಿದರು. ನನಗೂ ಗೊತ್ತಿರಲಿಲ್ಲ. ಅವರಿಗೆ ಅದರಿಂದ ಸಮಾಧಾನ ಆಯಿತೋ, ಇನ್ನಷ್ಟು ಬೇಜಾರಾಯಿತೋ ಇವತ್ತಿಗೂ ಹೇಳಲಾರೆ.

ಐದನೇ ಭೇಟಿಗೆ ಕಾರ್ಯದರ್ಶಿ ಬಂದಳು. ಕರೆದದ್ದು ನಾನಲ್ಲ, ಮೇಷ್ಟ್ರೇ. ಇಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ಪಡೆದೆ. ಆಕೆಗೆ 33. ಒಂಬತ್ತನೇ ವಯಸ್ಸಿಗೆ ಆಗಷ್ಟೇ ಶುರುವಾಗಿದ್ದ ಶಿಬಿರಕ್ಕೆ ಬಂದವಳು. ಕುರ್ಚಿಯ ತುದಿಯಲ್ಲಿ ಕುಳಿತು, ಇನ್ನೂ ಒಂಬತ್ತು ವರ್ಷದವಳ ಹಾಗೇ ಕೈ ಕಟ್ಟಿಕೊಂಡಿದ್ದಳು. ನಾನು ಕೇಳುವ ಮೊದಲೇ, “ಮೇಷ್ಟ್ರೇ, ನಿಮ್ಮ ಮೇಲೆ ಯಾರೂ ಏನೂ ಹೇಳಿಲ್ಲ. ನಿಮಗೆ ಹಾಗೆ ಅನ್ನಿಸಿದೆ ಅಂತ ನನಗೆ ಗೊತ್ತೇ ಇರಲಿಲ್ಲ” ಅಂದಳು.

“ಹಾಗಾದರೆ ಮನೆಗೆ ಬಂದು ಹೇಳಬಹುದಿತ್ತಲ್ಲ?”

“ಎದುರಿಗೆ ಹೇಳೋಕೆ ಭಯ ಆಯ್ತು. ಎರಡು ಸಲ ನಿಮ್ಮ ಮನೆ ತಿರುವಿನವರೆಗೂ ಬಂದು ವಾಪಸ್ ಹೋದೆ. ಅದಕ್ಕೇ ಮೆಸೇಜ್ ಹಾಕಿದೆ.”

ಮೇಷ್ಟ್ರು ಆಕೆಯನ್ನೇ ನೋಡುತ್ತಿದ್ದರು. “ಕೊನೇ ಸಾಲಿನವರಿಗೂ ಕೇಳೋ ಹಾಗೆ ಮಾತಾಡೋದನ್ನ ಕಲಿಸಿದ್ದೆನಲ್ಲೇ. ಮೊದಲನೇ ಸಾಲಲ್ಲಿ ಕೂತವನಿಗೆ ಹೇಳೋದನ್ನ ಕಲಿಸಲಿಲ್ಲವೇನೋ.”

ನಾನು ಪೆನ್ನು ಕೆಳಗಿಟ್ಟೆ. ಮುಂದಿನ ಅರ್ಧ ಗಂಟೆ ಅವರಿಬ್ಬರದೇ.

ಆಮೇಲೆ ಕೊಟ್ಟ ಸಲಹೆ ಹೇಳುತ್ತೇನೆ. ಬೇರೆ ಸಂಘಗಳವರಿಗೂ ಉಪಯೋಗಕ್ಕೆ ಬರಬಹುದು. ಆಕೆ ಮೇಷ್ಟ್ರಿಗೆ ‘ಗೌರವ ಮಾರ್ಗದರ್ಶಕರು’ ಅನ್ನುವ ಬಿರುದು ಕೊಡೋಣ ಅಂತ ಯೋಚಿಸಿಕೊಂಡು ಬಂದಿದ್ದಳು. ಬೇಡ ಅಂದೆ. ಹೀಗೆ ಬಿರುದು ಹೊತ್ತವರನ್ನು ಸಮಾರಂಭದಲ್ಲಿ ಕೂರಿಸಿ ಶಾಲು ಹೊದಿಸುತ್ತಾರೆ. ಉಳಿದ 364 ದಿನ ಯಾರೂ ಏನೂ ಕೇಳುವುದಿಲ್ಲ. ಆ ನೋವನ್ನೂ ನಾನು ಈ ಕೋಣೆಯಲ್ಲಿ ಕೇಳಿದ್ದೇನೆ. ಅದರ ಬದಲು ಅವರಿಂದ ಮಾತ್ರ ಆಗುವ ಒಂದು ಕೆಲಸ ಕೇಳಿ ಅಂದೆ. ಹಳೇ ಭಾಗವತರಿಂದ ಕಲಿತ ಪದಗಳು, ಮಟ್ಟುಗಳು ಅವರ ತಲೆಯಲ್ಲೇ ಇವೆ. ಅದನ್ನು ರೆಕಾರ್ಡ್ ಮಾಡಿಸಿ. ಇಂತಿಷ್ಟು ತಿಂಗಳು, ಶನಿವಾರ ಇಷ್ಟು ಗಂಟೆ ಅಂತ ಕಾಗದದ ಮೇಲೆ ಬರೆಯಿರಿ. ಮಕ್ಕಳು ಇರುವಾಗ ಇನ್ನೊಬ್ಬ ದೊಡ್ಡವರು ಇರಲೇಬೇಕು. ಮೇಷ್ಟ್ರು ಅಂತ ನಿಯಮದಲ್ಲಿ ವಿನಾಯಿತಿ ಕೊಟ್ಟರೆ ನಾಳೆ ಬೇರೊಬ್ಬರೂ ಅದೇ ವಿನಾಯಿತಿ ಕೇಳುತ್ತಾರೆ.

ಇನ್ನು ಮುಂದೆ ಮಂಡಳಿ ಬದಲಾದಾಗ ಪಟ್ಟಿ ಅಚ್ಚಾಗುವ ಮೊದಲೇ ಇಬ್ಬರು ಮನೆಗೆ ಹೋಗಿ ಹೇಳಬೇಕು ಅಂತಲೂ ಅಂದೆ. ಒಬ್ಬರೇ ಹೋದರೆ ತಿರುವಿನಿಂದ ವಾಪಸ್ ಬರುವ ಸಂಭವ ಇದೆಯಲ್ಲ. ಹೋದಾಗ ಕಾರಣವನ್ನೂ ಹೇಳಬೇಕು. ಕಾರಣ ಹೇಳದಿದ್ದರೆ ಮನಸ್ಸು ತನಗೆ ತೋಚಿದ್ದನ್ನು ತುಂಬಿಕೊಳ್ಳುತ್ತದೆ. ಮೇಷ್ಟ್ರ ಮನಸ್ಸು ತುಂಬಿಕೊಂಡದ್ದು ಎಂಥದ್ದು ಅಂತ ನೋಡಿದೆವು.

ಮೇಷ್ಟ್ರಿಗೆ ಹೇಳಿದ್ದು ಸಣ್ಣ ಸಣ್ಣವು. ಮಾತ್ರೆಯನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಡಿ. ಬಿಪಿ ಡಾಕ್ಟರನ್ನು ಈ ವಾರವೇ ನೋಡಿ. ಅಮಾನಿಕೆರೆಗೆ ಮತ್ತೆ ಹೋಗಿ. ಶಿಬಿರದ ಬಗ್ಗೆ ಕೇಳಿದವರಿಗೆ, “ನನ್ನ ಅವಧಿ ಮುಗೀತು, ಈಗ ಅವಳು ನೋಡ್ಕೋತಾಳೆ, ಫೋನ್ ನಂಬರ್ ಕೊಡ್ತೀನಿ” ಅಂತ ಹೇಳಿ. ಈ ವಾಕ್ಯವನ್ನು ನನ್ನ ಕೋಣೆಯಲ್ಲಿ ನಾಲ್ಕು ಸಲ ಹೇಳಿಸಿದೆ. ಮೊದಲ ಮೂರು ಸಲ ಗಂಟಲು ಕಟ್ಟಿತು.

ಪೊಲೀಸ್ ಪರಿಶೀಲನೆಗೆ ಅವರೇ ಎಲ್ಲರಿಗಿಂತ ಮೊದಲು ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದರಂತೆ, ಮೊಮ್ಮಗನನ್ನು ಪಕ್ಕ ಕೂರಿಸಿಕೊಂಡು. ನಿದ್ದೆ ಈಗ ಐದಾರು ಗಂಟೆ ಬರುತ್ತಿದೆ. ದೂರಿನ ಕವರು ಇನ್ನೂ ಅವರ ಹತ್ತಿರವೇ ಇದೆ. ಹರಿದು ಹಾಕಿ ಅಂತ ನಾನು ಹೇಳಿಲ್ಲ. ಸಿಟ್ಟು ಪೂರ್ತಿ ಹೋಗಿದೆ ಅಂತ ಅವರೂ ಹೇಳಿಲ್ಲ.

ಕೈಬಿಟ್ಟ ಐದು ಜನರಲ್ಲಿ ಉಳಿದ ನಾಲ್ವರ ವಿಷಯ ನನಗೆ ತಡವಾಗಿ ಹೊಳೆಯಿತು. ಮೇಷ್ಟ್ರು ಅತ್ತದ್ದರಿಂದ ನಮಗೆ ಗೊತ್ತಾಯಿತು, ಅಳದೆ ಕುಳಿತವರ ಕಥೆ ಏನು? ಅವರ ಮನೆಗೂ ಹೋಗಿ ಬಾ ಅಂತ ಕಾರ್ಯದರ್ಶಿಗೆ ಹೇಳಿದೆ. ಡಾಕ್ಟರನ್ನು ಜೊತೆಗೆ ಕರೆದುಕೊಂಡು ಒಂದು ಭಾನುವಾರ ಹೋದಳು. ಅವರಲ್ಲೊಬ್ಬರು ಮೈಕ್ ಸೆಟ್ ಅಂಗಡಿಯವರು. ಎಷ್ಟೋ ವರ್ಷ ಶಿಬಿರಕ್ಕೆ ಬಿಟ್ಟಿ ಮೈಕ್ ಕೊಟ್ಟವರು. ಅವರಿಗೆ ಹಣ್ಣು ಕೊಟ್ಟು, ಮಂಡಳಿ ಯಾಕೆ ಬದಲಾಯಿತು ಅಂತ ಹತ್ತು ನಿಮಿಷ ವಿವರಿಸಿ, ಕ್ಷಮೆಯನ್ನೂ ಕೇಳಿದಳಂತೆ.

ಅವರು ಎಲ್ಲ ಕೇಳಿಸಿಕೊಂಡು, “ಅಲ್ಲಮ್ಮ, ನಾನು ಸಲಹಾ ಮಂಡಳಿಯಲ್ಲಿ ಇದ್ದೆನಾ?” ಅಂದರಂತೆ.