ಪೈಪಿನ ಆ ತುದಿಯವರು

ಓದುಗರೊಬ್ಬರ ಪತ್ರ: "ಹದಿನೇಳು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ಪೆಟ್ರೋಲ್ ಏರಿದರೆ ಅರ್ಧ ದಿನದ ದುಡಿಮೆ ಬಂಕಿನಲ್ಲೇ ಹೋಗುತ್ತದೆ. ಇಳಿದಾಗ ಮಾತ್ರ ಸ್ವಲ್ಪ ಉಸಿರಾಡುತ್ತೇವೆ. ಹೋದ ಸಂಚಿಕೆಯಲ್ಲಿ ನೀವು, ಎಣ್ಣೆ ಬೆಲೆ ಬಿದ್ದರೆ ಬಾವಿ ಕೊರೆಯುವವರ ಕೆಲಸ ಹೋಗುತ್ತದೆ ಎಂದು ಮರುಗಿದ್ದೀರಿ. ಅವರು ಲಕ್ಷಗಟ್ಟಲೆ ಎಣಿಸುವ ಜನ. ನಮ್ಮ ಖುಷಿಯ ದಿನ ಅವರಿಗಾಗಿ ಯಾಕೆ ಅಳಬೇಕು?"

ಸಂಪಾದಕರ ಉತ್ತರ:

ಗೆಳೆಯರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಿಟ್ಟಿನಲ್ಲಿ ಬರೆದಿದ್ದೀರಿ. ಆದರೂ ಚೆನ್ನಾಗಿ ಬರೆದಿದ್ದೀರಿ.

ನಿಮ್ಮ ಕಷ್ಟ ನಿಜ. ಬೆಲೆ ಏರಿತೆಂದು ಗಾಡಿ ನಿಲ್ಲಿಸಿ ಮನೆಯಲ್ಲಿ ಕೂರುವ ಹಾಗಿಲ್ಲ. ಪ್ರಯಾಣಿಕರ ಹತ್ತಿರ ಜಾಸ್ತಿ ಕೇಳುವ ಹಾಗೂ ಇಲ್ಲ. ಇನ್ನೊಂದು ವಿಷಯ ನಿಮಗೇ ಅನುಭವಕ್ಕೆ ಬಂದಿರಬೇಕು. ಕಚ್ಚಾ ತೈಲ ಏರಿದರೆ ಬಂಕಿನ ಬೆಲೆ ತಕ್ಷಣ ಏರುತ್ತದೆ. ಇಳಿದರೆ ಮಾತ್ರ ನಿಧಾನವಾಗಿ ಇಳಿಯುತ್ತದೆ. 1991ರಲ್ಲಿ ರಾಬರ್ಟ್ ಬೇಕನ್ ಎಂಬ ಅರ್ಥಶಾಸ್ತ್ರಜ್ಞರು ಬ್ರಿಟನ್ನಿನ ಪೆಟ್ರೋಲ್ ಬೆಲೆಗಳನ್ನು ನೋಡಿ ಇದನ್ನು ರಾಕೆಟ್ಟಿಗೂ ಹಕ್ಕಿಯ ಗರಿಗೂ ಹೋಲಿಸಿದರು. ಏರುವಾಗ ರಾಕೆಟ್, ಇಳಿಯುವಾಗ ಗರಿ. ಇಷ್ಟನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆದರೆ "ಲಕ್ಷಗಟ್ಟಲೆ ಎಣಿಸುವ ಜನ" ಎಂದಿರಲ್ಲ, ಅಲ್ಲಿ ನನ್ನ ಮನಸ್ಸು ತಡೆಯಿತು. ನೀವು ಕಂಪನಿಯ ಒಡೆಯರನ್ನೂ ಕೆಲಸಗಾರರನ್ನೂ ಒಂದೇ ಚೀಲಕ್ಕೆ ಹಾಕಿಬಿಟ್ಟಿದ್ದೀರಿ.

ಸಮುದ್ರದ ನಡುವೆ ಎಣ್ಣೆ ಬಾವಿ ಕೊರೆಯುವ ರಿಗ್ ಒಂದನ್ನು ಕಣ್ಣಮುಂದೆ ತಂದುಕೊಳ್ಳಿ. ಹನ್ನೆರಡು ಗಂಟೆಯ ಶಿಫ್ಟು. ಎರಡು ವಾರ, ಮೂರು ವಾರ, ಕೆಲವು ಕಡೆ ನಾಲ್ಕು ವಾರ ಮನೆಯ ಮುಖ ನೋಡುವಂತಿಲ್ಲ. ಹೋಗಲು ಬರಲು ಹೆಲಿಕಾಪ್ಟರ್. ಸುಮಾರು ಒಂಬತ್ತು ಮೀಟರ್ ಉದ್ದದ ಕಬ್ಬಿಣದ ಪೈಪುಗಳನ್ನು ಒಂದಕ್ಕೊಂದು ತಿರುಗಿಸಿ ಜೋಡಿಸುತ್ತಾ ನೆಲದೊಳಗೆ ಇಳಿಸಬೇಕು. ಮೈಯೆಲ್ಲ ಕೆಸರು, ಕಿವಿ ಕಿವುಡಾಗುವ ಸದ್ದು. ಕೈ ಸ್ವಲ್ಪ ಜಾರಿದರೂ ಬೆರಳು ಹೋಗುತ್ತದೆ.

ಬೆರಳಿಗೆ ಮುಗಿದರೆ ಪುಣ್ಯ. 1980ರ ಮಾರ್ಚ್ 27ರಂದು ನಾರ್ವೆಯ ಕಡಲಿನಲ್ಲಿ ಅಲೆಕ್ಸಾಂಡರ್ ಕೀಲ್ಯಾಂಡ್ ಎಂಬ ರಿಗ್‌ನ ಒಂದು ಕಾಲು ಮುರಿದು ಅದು ಮಗುಚಿತು. 123 ಮಂದಿ ಸತ್ತರು. ಅದು ಕೆಲಸಗಾರರು ಉಳಿದುಕೊಳ್ಳುತ್ತಿದ್ದ ತೇಲುವ ವಸತಿ. ಅಂದರೆ ಸತ್ತವರಲ್ಲಿ ಎಷ್ಟೋ ಮಂದಿ ಶಿಫ್ಟು ಮುಗಿಸಿ ವಿಶ್ರಾಂತಿಗೆ ಬಂದವರು. 1988ರ ಜುಲೈ 6ರ ರಾತ್ರಿ ಬ್ರಿಟನ್ನಿನ ಕಡಲಿನಲ್ಲಿ ಪೈಪರ್ ಆಲ್ಫಾ ಎಂಬ ಎಣ್ಣೆ ತೆಗೆಯುವ ಕಟ್ಟೆ ಹೊತ್ತಿ ಉರಿಯಿತು. 167 ಮಂದಿ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್‌ನಲ್ಲಿ 11 ಮಂದಿ. ಆ ಕೊನೆಯ ದುರಂತದಲ್ಲಿ ಎಣ್ಣೆ ಮೆತ್ತಿದ ಹಕ್ಕಿಗಳ ಚಿತ್ರ ಜಗತ್ತೆಲ್ಲ ನೋಡಿತು. ನೋಡಬೇಕಾದ್ದೇ. ಆದರೆ ಆ ಹನ್ನೊಂದು ಜನರಲ್ಲಿ ಒಬ್ಬರ ಹೆಸರಾದರೂ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಕೆಲಸಗಾರರನ್ನು ಮರೆಯುವುದು ಈ ಉದ್ಯಮದ ಮೊದಲ ದಿನದಿಂದಲೂ ನಡೆದಿದೆ. 1859ರ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಎಣ್ಣೆ ಬಾವಿ ತೋಡಿದ ಎಂದು ಪುಸ್ತಕಗಳು ಹೇಳುತ್ತವೆ. ನಿಜವಾಗಿ ಅದನ್ನು ಕೊರೆದದ್ದು ಬಿಲ್ಲಿ ಸ್ಮಿತ್ ಎಂಬ ಕಮ್ಮಾರ. ಕೊರೆಯುವ ಸಲಕರಣೆಯನ್ನು ಮಾಡಿದವನೂ ಅವನೇ. ಭಾನುವಾರ ಕೊಳವೆಯೊಳಗೆ ಬಗ್ಗಿ ನೋಡಿ, ಎಣ್ಣೆ ತೇಲುತ್ತಿರುವುದನ್ನು ಮೊದಲು ಕಂಡವನೂ ಅವನೇ. ಬಾವಿಗೆ ಮಾತ್ರ ಡ್ರೇಕ್‌ನ ಹೆಸರು ಉಳಿಯಿತು. ಎರಡೇ ವರ್ಷದಲ್ಲಿ ಎಲ್ಲೆಲ್ಲೂ ಬಾವಿಗಳಾಗಿ, 1861ರಲ್ಲಿ ಒಂದು ಬ್ಯಾರೆಲ್ ಎಣ್ಣೆ ಹತ್ತು ಸೆಂಟಿಗೆ ಇಳಿಯಿತು. ಎಣ್ಣೆಗಿಂತ ಅದನ್ನು ತುಂಬುವ ಪೀಪಾಯಿಯೇ ದುಬಾರಿಯಾಯಿತು. ಡ್ರೇಕ್ ಕೂಡ ಉಳಿದ ಹಣವನ್ನು ಎಣ್ಣೆ ವ್ಯಾಪಾರದಲ್ಲಿ ಕಳೆದುಕೊಂಡು ಬಡವನಾದ. ಕೊನೆಗೆ 1873ರಲ್ಲಿ ಆ ರಾಜ್ಯ ಅವನಿಗೆ ವರ್ಷಕ್ಕೆ 1,500 ಡಾಲರ್ ಪಿಂಚಣಿ ಕೊಡಬೇಕಾಯಿತು. ಆ ಬಾವಿ ತೋಡಿಸಿದವನ ಗತಿಯೇ ಹೀಗಾದರೆ ಪೈಪು ಹಿಡಿದವರ ಗತಿ ಏನು ಹೇಳಲಿ.

ಅದೇ ಕಥೆ ಈಗಲೂ ಇದೆ. 2014ರ ಜೂನಿನಲ್ಲಿ ಬ್ಯಾರೆಲ್‌ಗೆ 110 ಡಾಲರ್ ದಾಟಿದ್ದ ಬ್ರೆಂಟ್ ತೈಲ (ಜಗತ್ತಿನ ಎಣ್ಣೆ ಬೆಲೆಗೆ ಅಳತೆಗೋಲಾಗಿರುವ ಕಚ್ಚಾ ತೈಲ) 2016ರ ಜನವರಿಯಲ್ಲಿ 30ರ ಕೆಳಗೆ ಬಿತ್ತು. ಅಮೆರಿಕದಲ್ಲಿ 1,900ಕ್ಕೂ ಹೆಚ್ಚು ರಿಗ್‌ಗಳು ಕೊರೆಯುತ್ತಿದ್ದವು. 2016ರ ಮೇ ಹೊತ್ತಿಗೆ ಸುಮಾರು 400 ಉಳಿದವು. ಒಂದೊಂದು ರಿಗ್ ನಿಂತಾಗಲೂ ಅದರ ಜೊತೆ ಡ್ರಿಲ್ಲರು, ವೆಲ್ಡರು, ಲಾರಿಯವರು, ಅಡುಗೆಯವರು ಎಲ್ಲರೂ ಮನೆಗೆ ಹೋದರು. ಇವರಲ್ಲಿ ಬಹಳ ಮಂದಿ ಗುತ್ತಿಗೆಯವರು. ರಿಗ್ ನಿಂತ ದಿನವೇ ಸಂಬಳವೂ ನಿಲ್ಲುತ್ತದೆ. ನೀವು ಹೇಳುವ ಆ ದೊಡ್ಡ ಸಂಬಳ ಇದೆಯಲ್ಲ, ಅದು ಬರುವುದು ಸುಗ್ಗಿಯ ನಾಲ್ಕು ದಿನ. ಆ ಧೈರ್ಯದ ಮೇಲೆ ಮಾಡಿದ ಮನೆ ಸಾಲದ ಕಂತು ಇಪ್ಪತ್ತು ವರ್ಷ.

ನನಗೆ ಪರಿಚಯದ ಒಬ್ಬರು ಹೀಗೇ ಕೆಲಸ ಕಳೆದುಕೊಂಡರು. ಹನ್ನೊಂದು ವರ್ಷ ರಿಗ್‌ನಲ್ಲಿದ್ದವರು. ರಜೆಗೆ ಮನೆಗೆ ಬಂದಿದ್ದಾಗ ಒಂದು ಮೆಸೇಜ್ ಬಂತು, ವಾಪಸ್ ಬರುವುದು ಬೇಡ ಎಂದು. ಲಾಕರಿನಲ್ಲಿದ್ದ ಬೂಟು, ಮಗಳ ಫೋಟೊ ತರಲೂ ಆಗಲಿಲ್ಲ. ಆಮೇಲೆ ಹೊಟ್ಟೆಪಾಡಿಗೆ ಅವರು ಹಿಡಿದ ಕೆಲಸ ಯಾವುದು ಗೊತ್ತಾ? ನಿಮ್ಮದೇ. ಟ್ಯಾಕ್ಸಿ. "ಬಂಕಿನಲ್ಲಿ ಕಡಿಮೆ ದುಡ್ಡಿಗೆ ಟ್ಯಾಂಕು ತುಂಬಿದಾಗಲೆಲ್ಲ ಹೊಟ್ಟೆಯೊಳಗೆ ಏನೋ ಆಗುತ್ತದೆ ಸಾರ್" ಎಂದಿದ್ದರು. ನಿಮ್ಮ ಪತ್ರ ಓದುವಾಗ ಅವರದೇ ನೆನಪು.

ಹಾಗಾದರೆ ಬೆಲೆ ಏರಲಿ ಎನ್ನುತ್ತೀರಾ ಎಂದು ನೀವು ಕೇಳಬಹುದು. ಇಲ್ಲ. ನನ್ನ ತಕರಾರು ಈ ಏರಿಳಿತದ ಬಗ್ಗೆ. 2008ರ ಜುಲೈನಲ್ಲಿ 147 ಡಾಲರ್ ಮುಟ್ಟಿದ ಬ್ಯಾರೆಲ್ ಅದೇ ಡಿಸೆಂಬರಿನಲ್ಲಿ 40ರ ಕೆಳಗಿತ್ತು. ಆರು ತಿಂಗಳಿಗೂ ಕಡಿಮೆ. ಯಾವ ಮನೆಯ ಲೆಕ್ಕ ಇದನ್ನು ತಡೆದೀತು? ಏರಿದಾಗ ನೀವು ಸೊರಗುತ್ತೀರಿ, ಬಿದ್ದಾಗ ಅವರು. ಎರಡೂ ಸಲ ಗೆಲ್ಲುವವರೂ ಇದ್ದಾರೆ. ಬೆಲೆ ಬಿದ್ದಾಗ ದೊಡ್ಡ ದೊಡ್ಡ ಟ್ಯಾಂಕರ್ ಹಡಗುಗಳನ್ನು ಬಾಡಿಗೆಗೆ ಹಿಡಿದು, ಎಣ್ಣೆ ತುಂಬಿ, ಏರುವ ತನಕ ಸಮುದ್ರದ ಮೇಲೇ ನಿಲ್ಲಿಸಿಕೊಳ್ಳಬಲ್ಲವರು. ಅವರ ಕೈಗೆ ಗ್ರೀಸ್ ಅಂಟುವುದಿಲ್ಲ, ಸ್ಟೀರಿಂಗ್ ಹಿಡಿದ ಜಡ್ಡೂ ಇರುವುದಿಲ್ಲ. ನಿಮ್ಮ ಸಿಟ್ಟು ಅತ್ತ ತಿರುಗಲಿ ಎಂದು ನನ್ನ ಆಸೆ.

ನಮ್ಮ ಪತ್ರಿಕೆಗಳ ಮೇಲೂ ನನಗೆ ಬೇಸರವಿದೆ. ಎಣ್ಣೆ ಬೆಲೆಯನ್ನು ಆಟದ ಸ್ಕೋರಿನ ಹಾಗೆ ದಿನವೂ ಹಾಕುತ್ತಾರೆ. ಹತ್ತಿ, ರಬ್ಬರು, ತಾಮ್ರದ್ದೂ ಇದೇ ಕಥೆ. ಎಷ್ಟು ಏರಿತು, ಎಷ್ಟು ಇಳಿಯಿತು, ಅಷ್ಟೇ. ಹತ್ತಿ ಬಿಡಿಸಿದವರು, ರಬ್ಬರಿನ ಹಾಲು ಇಳಿಸಿದವರು, ತಾಮ್ರ ಅಗೆದವರು ಎಲ್ಲೂ ಕಾಣುವುದಿಲ್ಲ. ಐದು ಸಾವಿರ ಜನರ ಕೆಲಸ ತೆಗೆದರೆ "ವೆಚ್ಚ ಕಡಿತ" ಎಂದು ಬರೆಯುತ್ತಾರೆ. ಅನ್ನ ಕಿತ್ತುಕೊಂಡರು ಎನ್ನಲು ಕನ್ನಡದಲ್ಲಿ ಪದಗಳಿಲ್ಲವೇ? ನಮ್ಮ ಪತ್ರಿಕೆಯಲ್ಲಿ "ವೆಚ್ಚ ಕಡಿತ" ಎಂದು ಬಂದಾಗಲೆಲ್ಲ ನಾನು ಹೊಡೆದು ಹಾಕುತ್ತೇನೆ.

ನಿಮ್ಮಿಂದ ಒಂದು ಬರಹ ಬೇಕು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಬೆಲೆ ಸೊನ್ನೆಗಿಂತ ಕೆಳಗೆ, ಮೈನಸ್ 37.63 ಡಾಲರ್‌ಗೆ ಇಳಿಯಿತು. ಮೇ ತಿಂಗಳಲ್ಲಿ ತೈಲ ತೆಗೆದುಕೊಳ್ಳುತ್ತೇವೆ ಎಂದು ಮೊದಲೇ ಮಾಡಿಕೊಂಡ ಒಪ್ಪಂದಗಳ ಗಡುವು ಮರುದಿನ. ತೈಲ ಇಟ್ಟುಕೊಳ್ಳಲು ಜಾಗವಿರಲಿಲ್ಲ. ಹಾಗಾಗಿ ತೆಗೆದುಕೊಂಡು ಹೋಗಿ ಎಂದು ಕೊಟ್ಟವರೇ ಮೇಲೆ ದುಡ್ಡು ಕೊಟ್ಟರು. ಅಷ್ಟು ಅಗ್ಗದ ಎಣ್ಣೆ ಹಿಂದೆಂದೂ ಇರಲಿಲ್ಲ. ನೀವು ಹೇಳುವ ಪ್ರಕಾರ ಅದು ದೊಡ್ಡ ಖುಷಿಯ ದಿನ ಆಗಬೇಕಿತ್ತು, ಅಲ್ವಾ? ಆದರೆ ಆ ತಿಂಗಳು ಲಾಕ್‌ಡೌನ್, ರಸ್ತೆಗಳು ಖಾಲಿ. ರಿಗ್‌ಗಳು ನಿಲ್ಲುತ್ತಿದ್ದವು. ನಿಮ್ಮ ಟ್ಯಾಕ್ಸಿಯೂ ನಿಂತಿತ್ತು ಅನಿಸುತ್ತದೆ. ಆ ದಿನಗಳಲ್ಲಿ ಮನೆ ಹೇಗೆ ನಡೆಸಿದಿರಿ, ಬರೆದು ಕಳಿಸಿ. ಎರಡು ಪುಟ ನಿಮಗೆಂದು ಬಿಟ್ಟಿರುತ್ತೇನೆ. ಪಕ್ಕದ ಎರಡು ಪುಟದಲ್ಲಿ ನಮ್ಮ ಆ ರಿಗ್‌ನವರು ಬರೆಯಲು ಒಪ್ಪಿದ್ದಾರೆ.