ಶೇಂಗಾಕ್ಕೆ ರೈಜೋಬಿಯಂ ಹಚ್ಚಿದರೂ ಫರಕು ಕಾಣಲಿಲ್ಲ, ಯಾಕೆ?

ಪ್ರಶ್ನೆ: ಎರಡು ಎಕರೆ ಮಸಾರಿ ಹೊಲದಲ್ಲಿ ಮುಂಗಾರಿಗೆ ಶೇಂಗಾ ಹಾಕಿದ್ದೆ. ಅರ್ಧ ಬೀಜಕ್ಕೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ) ಹಚ್ಚಿದೆ, ಇನ್ನರ್ಧ ಹಾಗೇ ಬಿತ್ತಿದೆ. ಎರಡೂ ಕಡೆ ಬೇರಿನಲ್ಲಿ ಗಂಟು ಒಂದೇ ಥರ ಇದ್ದವು. ಇಳುವರಿಯಲ್ಲೂ ಫರಕು ಇಲ್ಲ. ಆದರೆ ಮೊದಲ ಸಲ ಸೋಯಾ ಹಾಕಿದ ನಮ್ಮ ಭಾವನ ಹೊಲದಲ್ಲಿ, ಸೋಯಾದ ರೈಜೋಬಿಯಂ ಪ್ಯಾಕೆಟ್ ಹಚ್ಚಿದ ಕಡೆ ಬೆಳೆ ಕರ್ರಗೆ ಬಂತು, ಹಚ್ಚದ ಕಡೆ ಹಳದಿಯಾಯಿತು. ನನ್ನ ಪ್ಯಾಕೆಟ್ ಕೆಟ್ಟಿತ್ತಾ?
(ಹಾವೇರಿ ಜಿಲ್ಲೆಯ ರೈತರು)

ಉತ್ತರ: ಬೀಜಕ್ಕೆ ಹಚ್ಚದೆ ಒಂದಷ್ಟು ಭಾಗ ಬಿಟ್ಟು ನೋಡಿದ್ದೀರಿ. ಬಹಳ ಒಳ್ಳೆಯ ಕೆಲಸ. ಹಾಗೆ ಬಿಟ್ಟಿದ್ದರಿಂದಲೇ ಉತ್ತರ ಅರ್ಧ ಸಿಕ್ಕಿದೆ. ಹಚ್ಚದ ಕಡೆಯೂ ಗಂಟು ಬಂದವು ಅಂದರೆ, ಅವನ್ನು ಕಟ್ಟಿದ್ದು ನಿಮ್ಮ ಮಣ್ಣಿನಲ್ಲಿ ಮೊದಲೇ ಇದ್ದ ಬ್ಯಾಕ್ಟೀರಿಯಾ.

ಶೇಂಗಾ, ಅಲಸಂದೆ, ಹೆಸರು, ತೊಗರಿ ಇವೆಲ್ಲ ಹೆಚ್ಚುಕಡಿಮೆ ಒಂದೇ ಬಳಗದ ಬ್ಯಾಕ್ಟೀರಿಯಾದ ಜೊತೆ ಹೊಂದಿಕೊಳ್ಳುತ್ತವೆ. ತಲೆಮಾರುಗಳಿಂದ ಈ ಬೆಳೆಗಳನ್ನು ಬೆಳೆದ ನೆಲದಲ್ಲಿ ಆ ಬಳಗ ಇದ್ದೇ ಇರುತ್ತದೆ. ಸೋಯಾ ಹಾಗಲ್ಲ. ಅದಕ್ಕೆ ಬೇಕಾದ ಬ್ಯಾಕ್ಟೀರಿಯಾ ಬೇರೆ, ಸೋಯಾ ಕಾಣದ ಹೊಲದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಭಾವನ ಹೊಲದಲ್ಲಿ ಪ್ಯಾಕೆಟ್‌ಗೆ ಎದುರಾಳಿಯೇ ಇರಲಿಲ್ಲ.

ಎದುರಾಳಿ ಎಷ್ಟಿದ್ದರೆ ಸಾಕು ಗೊತ್ತಾ? ಹವಾಯಿಯ ಮಾವಿ ದ್ವೀಪದಲ್ಲಿ ಹಲವು ದ್ವಿದಳ ಬೆಳೆಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಒಂದು ಗ್ರಾಂ ಮಣ್ಣಿನಲ್ಲಿ ಬರೀ 50 ಸ್ಥಳೀಯ ಬ್ಯಾಕ್ಟೀರಿಯಾ ಇದ್ದರೂ ಹೊರಗಿನಿಂದ ಹಚ್ಚಿದ್ದರ ಲಾಭ ಕಾಣದೇ ಹೋಗಬಹುದು ಎಂದು ಅದು ತೋರಿಸಿತು. ಅಮೆರಿಕದ ಅಯೋವಾದಲ್ಲಿ ಸೋಯಾ ಮೇಲೆ ನಡೆದ ಇನ್ನೊಂದು ಅಧ್ಯಯನದ ಪ್ರಕಾರ, ಅರ್ಧದಷ್ಟು ಗಂಟಾದರೂ ಹಚ್ಚಿದ ಬ್ಯಾಕ್ಟೀರಿಯಾ ತಳಿಗೆ ಸಿಗಬೇಕಾದರೆ ಮಣ್ಣಿನಲ್ಲಿರುವುದರ ಸುಮಾರು ಸಾವಿರ ಪಟ್ಟು ಹಾಕಬೇಕು. ಇದಕ್ಕೆ ಕಾರಣ ಸರಳ. ಹಚ್ಚಿದ್ದು ಬೀಜದ ಸುತ್ತಲೇ ಉಳಿಯುತ್ತದೆ. ಬೇರು ಮಾತ್ರ ಕೆಳಗೆ, ಪಕ್ಕಕ್ಕೆ ಹರಡುತ್ತಾ ಹೋಗುತ್ತದೆ. ಅಲ್ಲೆಲ್ಲ ಅದಕ್ಕೆ ಸಿಗುವುದು ಆ ಮಣ್ಣಿನ ಬಿಸಿಲು, ಬರ ಎಲ್ಲ ತಿಂದು ಗಟ್ಟಿಯಾದ ಊರಿನ ಬ್ಯಾಕ್ಟೀರಿಯಾ.

ಹಾಗಾದರೆ ಹಚ್ಚುವುದೇ ಬೇಡವಾ? ಅಷ್ಟು ಬೇಗ ತೀರ್ಮಾನಿಸಬೇಡಿ. ಗಂಟು ಕಟ್ಟುವುದು ಬೇರೆ, ಸಾರಜನಕ ಕೊಡುವುದು ಬೇರೆ. ಸ್ಥಳೀಯ ಬ್ಯಾಕ್ಟೀರಿಯಾದಲ್ಲಿ ಚೆನ್ನಾಗಿ ದುಡಿಯುವವೂ ಇವೆ, ಗಂಟಿನೊಳಗೆ ಕೂತು ಗಿಡದ ಸಕ್ಕರೆ ತಿಂದು ಸಾರಜನಕ ಕೊಡದವೂ ಇವೆ. ಎಣಿಕೆ ನೋಡಿದರೆ ಇದು ಗೊತ್ತಾಗುವುದಿಲ್ಲ. ಬಿತ್ತಿದ 35–40 ದಿನಕ್ಕೆ ನಾಲ್ಕಾರು ಗಿಡ ಸಲಿಕೆಯಿಂದ ಅಗೆದು ತೆಗೆಯಿರಿ. ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತವೆ. ಬೇರು ತೊಳೆದು, ಗಂಟನ್ನು ಬ್ಲೇಡಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಇದ್ದರೆ ಕೆಲಸ ನಡೆದಿದೆ. ಬಿಳಿ, ಹಸಿರು ಅಥವಾ ಬೂದು ಇದ್ದರೆ ಇಲ್ಲ. ಒಂದು ಎಚ್ಚರಿಕೆ: ಉಜ್ಜಿದರೆ ಬೇರಿನಿಂದ ಕಳಚುವುದು ರೈಜೋಬಿಯಂ ಗಂಟು. ಬೇರೇ ಊದಿಕೊಂಡಿದ್ದರೆ ಅದು ಬೇರಿನ ಜಂತುಹುಳುವಿನ (ನೆಮಟೋಡ್) ಬಾಧೆ.

ಮುಂದಿನ ಮುಂಗಾರಿಗೆ ಹೊಲದಲ್ಲಿ ಮೂರನೆಯ ಪಟ್ಟಿಯೊಂದನ್ನು ಬಿಡಿ. ಒಂದು ಹಚ್ಚಿದ್ದು, ಒಂದು ಹಚ್ಚದ್ದು, ಇನ್ನೊಂದಕ್ಕೆ ಹಚ್ಚದೆ ಧಾರಾಳವಾಗಿ ಯೂರಿಯಾ. ಇದು ಪರೀಕ್ಷೆಗೆ ಮಾತ್ರ, ನಾಲ್ಕು ಸಾಲು ಸಾಕು. ಮೂರೂ ಒಂದೇ ಥರ ಹಸಿರಾಗಿ ಬಂದರೆ ನಿಮ್ಮ ಮಣ್ಣಿನ ಸಾರಜನಕವೂ ಅಲ್ಲಿನ ಬ್ಯಾಕ್ಟೀರಿಯಾವೂ ಸೇರಿ ಬೆಳೆಯನ್ನು ಸಾಕುತ್ತಿವೆ, ಪ್ಯಾಕೆಟ್‌ನಿಂದ ಜಾಸ್ತಿ ನಿರೀಕ್ಷೆ ಬೇಡ. ಯೂರಿಯಾ ಪಟ್ಟಿ ಮಾತ್ರ ಎದ್ದು ಕಂಡರೆ ಗಂಟು ಎಷ್ಟೇ ಇದ್ದರೂ ಗಿಡ ಹಸಿದಿದೆ. ಆಗ ಹಚ್ಚುವುದನ್ನು ಬಿಡಬೇಡಿ, ಇನ್ನಷ್ಟು ಚೆನ್ನಾಗಿ ಹಚ್ಚಿ. ಜೊತೆಗೆ ರಂಜಕ ಸಾಕಷ್ಟಿದೆಯಾ, ಮಣ್ಣು ಹುಳಿಯಾಗಿದೆಯಾ ಪರೀಕ್ಷೆ ಮಾಡಿಸಿ. ರಂಜಕವಿಲ್ಲದಿದ್ದರೆ ಎಂಥ ಬ್ಯಾಕ್ಟೀರಿಯಾ ತಳಿಯೂ ದುಡಿಯದು.

ಪ್ಯಾಕೆಟ್ ಬಗ್ಗೆಯೂ ಒಂದು ಮಾತು. ನಿಯಮದಂತೆ ಪುಡಿ ರೂಪದ್ದರಲ್ಲಿ ಗ್ರಾಂಗೆ 5 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಬಿಸಿಲಿಗೆ ಬಿದ್ದ ಅಂಗಡಿ, ಕಾದ ಬೈಕಿನ ಡಬ್ಬಿ, ಮುಗಿದ ಅವಧಿ, ಇವುಗಳಲ್ಲಿ ಯಾವುದಾದರೂ ಒಂದು ಅದನ್ನು ಕೊಲ್ಲುತ್ತದೆ. ಹಾಗಾಗಿ ತಂಪಲ್ಲಿಟ್ಟದ್ದನ್ನೇ ಕೊಳ್ಳಿ. ನೆರಳಲ್ಲಿ ಹಚ್ಚಿ, ನೆರಳಲ್ಲೇ ಆರಿಸಿ, ಅಂದೇ ಹಸಿ ಮಣ್ಣಿಗೆ ಬಿತ್ತಿ. ಶಿಲೀಂಧ್ರನಾಶಕದ ಜೊತೆ ಒಂದೇ ಪಾತ್ರೆಯಲ್ಲಿ ಕಲಸಬೇಡಿ.

ಹಿಂಗಾರಿಗೆ ಕಡಲೆ ಹಾಕುವುದಿದ್ದರೆ ಕಡಲೆಯದೇ ಪ್ಯಾಕೆಟ್ ಕೇಳಿ ತನ್ನಿ. ಶೇಂಗಾದ್ದು ಉಳಿದಿದೆಯಲ್ಲ ಅಂತ ಅದನ್ನೇ ಹಚ್ಚಿದರೆ ಸುಮ್ನೆ ಬೆಲ್ಲ ದಂಡ, ಕಡಲೆಯ ಬೇರು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.