ಪ್ರತಿ ತಿಂಗಳು ಕಣ್ಣಿಗೆ ಇಂಜೆಕ್ಷನ್: ಬೇರೆ ದಾರಿ ಇಲ್ವಾ?

ಪ್ರಶ್ನೆ: ನಮ್ಮ ಅಮ್ಮನಿಗೆ 74 ವರ್ಷ. ಬಲಗಣ್ಣಿಗೆ ವೆಟ್ ಎಎಂಡಿ (ವಯಸ್ಸಾದಂತೆ ಬರುವ, ನೋಟದ ನಡುಭಾಗ ಕೆಡಿಸುವ ಕಣ್ಣಿನ ಕಾಯಿಲೆ) ಇದೆ. ಪ್ರತಿ ತಿಂಗಳು ಕಣ್ಣಿಗೆ ಇಂಜೆಕ್ಷನ್ ಕೊಡುತ್ತಾರೆ. ಹಿಂದಿನ ರಾತ್ರಿ ಭಯಕ್ಕೆ ಅವರಿಗೆ ನಿದ್ದೆಯೇ ಬರುವುದಿಲ್ಲ. ಇದನ್ನು ಹನಿ ಔಷಧದಿಂದ ವಾಸಿ ಮಾಡಲು ಆಗುವುದಿಲ್ಲವೇ? ಹೊಸ ವಿಧಾನ ಬರುವ ತನಕ ಇಂಜೆಕ್ಷನ್ ನಿಲ್ಲಿಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಈ ಕಾಯಿಲೆಯಲ್ಲಿ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ನಡುಭಾಗದ ಅಡಿಯಲ್ಲಿ ಬೇಡದ ರಕ್ತನಾಳಗಳು ಬೆಳೆದು ಸೋರುತ್ತವೆ. ಅವನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ಇಂಜೆಕ್ಷನ್ ತಡೆಯುತ್ತದೆ. ಔಷಧದ ಬಲ ಇಳಿದರೆ ಸೋರಿಕೆ ಮತ್ತೆ ಶುರುವಾಗಬಹುದು. ಸೋರಿ ಸೋರಿ ಅಲ್ಲಿ ಕಲೆ ಕಟ್ಟಿತೆಂದರೆ, ಹೋದ ನೋಟ ಮರಳುವುದು ತುಂಬಾ ಕಷ್ಟ.

ಹನಿ ಹಾಕಿದರೆ ಹೆಚ್ಚಿನ ಪಾಲು ಕಣ್ಣೀರಿನ ಜೊತೆ ಮೂಗಿಗೆ ಇಳಿದುಹೋಗುತ್ತದೆ. ಕಣ್ಣಿನ ಮುಂಭಾಗಕ್ಕೇ ಶೇ. 5ರಷ್ಟೂ ಸೇರುವುದಿಲ್ಲ, ಇನ್ನು ಹಿಂದಿರುವ ರೆಟಿನಾ ಎಲ್ಲಿಯ ಮಾತು? ಈ ಔಷಧಗಳ ಅಣುಗಳೂ ದೊಡ್ಡವು. ಅದಕ್ಕೇ ಸಣ್ಣ ಸೂಜಿಯಲ್ಲಿ 0.05 ಮಿ.ಲೀ.ನಷ್ಟು ಔಷಧವನ್ನು ನೇರವಾಗಿ ಕಣ್ಣಿನೊಳಗೆ ಬಿಡುತ್ತಾರೆ.

ಸೂಜಿಯ ಸಂಖ್ಯೆ ಕಡಿಮೆ ಮಾಡುವ ದಾರಿಗಳು ಮಾತ್ರ ಇವೆ. ಅಮೆರಿಕದಲ್ಲಿ 2021ರಲ್ಲಿ ಅನುಮತಿ ಪಡೆದ ಸುಸ್ವಿಮೋ ಎಂಬ ಸಾಧನ ಅಕ್ಕಿಕಾಳಿಗಿಂತ ತುಸು ಉದ್ದ. ಆಪರೇಷನ್ ಮಾಡಿ ಕಣ್ಣಿನ ಬಿಳಿಗೋಡೆಯಲ್ಲಿ ಕೂರಿಸುತ್ತಾರೆ. ಅದರಲ್ಲಿ ತುಂಬಿದ ರಾನಿಬಿಜುಮ್ಯಾಬ್ ಎಂಬ ವಿಇಜಿಎಫ್ ತಡೆಯುವ ಔಷಧ ನಿಧಾನವಾಗಿ ಒಳಗೆ ಇಳಿಯುತ್ತದೆ. ಸುಮಾರು ಆರು ತಿಂಗಳಿಗೊಮ್ಮೆ ಮತ್ತೆ ತುಂಬಿದರಾಯ್ತು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಔಷಧ ತುಂಬುವ ಮುಚ್ಚಳದ ಭಾಗ ಜರುಗುವ ತೊಂದರೆ ಕಂಡು 2022ರಲ್ಲಿ ಕಂಪನಿಯೇ ಅದನ್ನು ಹಿಂಪಡೆದು, ಸರಿಪಡಿಸಿ 2024ರಲ್ಲಿ ಮತ್ತೆ ತಂದಿತು. ಕಣ್ಣಿನೊಳಗೆ ಸೋಂಕಾಗುವ ಅಪಾಯ ತಿಂಗಳ ಇಂಜೆಕ್ಷನ್‌ಗಿಂತ ಇದರಲ್ಲಿ ಜಾಸ್ತಿ. ಸೂಜಿಯ ಭಯವೊಂದೇ ಕಾರಣವಾದರೆ ಈ ದಾರಿಯನ್ನು ನಾನು ಹೇಳುವುದಿಲ್ಲ.

ಅಮ್ಮನಂಥವರಿಗೆ ನನ್ನ ಮನಸ್ಸು ವಾಲುವುದು ಹೆಚ್ಚು ಕಾಲ ಕೆಲಸ ಮಾಡುವ ಔಷಧಗಳ ಕಡೆಗೆ. 2022ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫ್ಯಾರಿಸಿಮ್ಯಾಬ್, 2023ರಲ್ಲಿ ಪಡೆದ 8 ಮಿ.ಗ್ರಾಂ ಅಫ್ಲಿಬರ್ಸೆಪ್ಟ್ ಅಂಥವು. ಶುರುವಿನ ತಿಂಗಳ ಡೋಸ್‌ಗಳು ಮುಗಿದ ಮೇಲೆ ಕೆಲವರಿಗೆ ನಾಲ್ಕು ತಿಂಗಳವರೆಗೂ ಅಂತರ ಕೊಡಬಹುದು. ಎಲ್ಲರ ಕಣ್ಣೂ ಇದಕ್ಕೆ ಒಗ್ಗುವುದಿಲ್ಲ, ಖರ್ಚೂ ಹೆಚ್ಚು. ಕಣ್ಣೇ ಔಷಧ ತಯಾರಿಸಿಕೊಳ್ಳುವಂತೆ ಮಾಡುವ ಜೀನ್ ಥೆರಪಿಯ ಮೇಲೂ ಪ್ರಯೋಗಗಳು ನಡೆದಿವೆ. ಅದನ್ನು ಕಾಯುತ್ತಾ ಕೂರುವ ಸಮಯ ಅಮ್ಮನ ಕಣ್ಣಿಗಿಲ್ಲ.

ರೆಟಿನಾದ ಪದರಗಳನ್ನೂ ಅಲ್ಲಿ ಸೋರಿದ ನೀರನ್ನೂ ತೋರಿಸುವ ಸ್ಕ್ಯಾನ್‌ಗೆ ಒಸಿಟಿ ಎನ್ನುತ್ತಾರೆ. ಮುಂದಿನ ಸಲ ಡಾಕ್ಟರನ್ನು ಹೀಗೆ ಕೇಳಿ: "ಒಸಿಟಿ ಸ್ಕ್ಯಾನ್‌ನಲ್ಲಿ ನೀರು ಕಾಣದಿದ್ದರೆ ಅಂತರವನ್ನು ಎರಡೆರಡು ವಾರ ಹೆಚ್ಚಿಸಬಹುದಾ?" ಈಗಿನ ಔಷಧದಲ್ಲೇ ಹಲವರಿಗೆ ಇದು ಸಾಧ್ಯವಾಗುತ್ತದೆ. ಭಯದ ವಿಷಯವನ್ನೂ ಸಂಕೋಚವಿಲ್ಲದೆ ಹೇಳಿ. ಮರಗಟ್ಟಿಸುವ ಹನಿ ಹಾಕಿ ಇನ್ನಷ್ಟು ಹೊತ್ತು ಬಿಡಬಹುದು, ಜೆಲ್ ಹಚ್ಚಬಹುದು. ಇಂಜೆಕ್ಷನ್ ಆದ ಮೇಲಿನ ದಿನಗಳಲ್ಲಿ ನೋವು ಹೆಚ್ಚುತ್ತಾ ಹೋದರೆ, ಕಣ್ಣು ಕೆಂಪೇರಿದರೆ ಅಥವಾ ನೋಟ ಮಂಜಾದರೆ ಮರುದಿನಕ್ಕೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.